ನಿದಾನಕ್ಕೆ ಬೇಕಾದ ನಿಧಾನ

ವೈದ್ಯರು ರೋಗದ ಮೂಲವನ್ನು ಗುರುತಿಸುವುದಕ್ಕೆ 'ನಿದಾನ' ಎನ್ನುತ್ತಾರೆ. ಅವಸರವಿಲ್ಲದೆ ಮಾಡುವುದಕ್ಕೆ ನಾವೆಲ್ಲ 'ನಿಧಾನ' ಎನ್ನುತ್ತೇವೆ. ಶಾಲೆಯಲ್ಲಿ ಇವೆರಡನ್ನು ಅದಲುಬದಲು ಬರೆದು ಕನ್ನಡ ಪಂಡಿತರಿಂದ ಕಿವಿ ಹಿಂಡಿಸಿಕೊಂಡವರಲ್ಲಿ ನಾನೂ ಒಬ್ಬ. ಆದರೆ ಒಂದಿಲ್ಲದೆ ಇನ್ನೊಂದಿಲ್ಲ ಎಂಬುದು ನನಗೆ ತಿಳಿದದ್ದು ನಲ್ವತ್ತೆಂಟನೆಯ ವಯಸ್ಸಿನಲ್ಲಿ, ಚೆರ್ಕಳ–ಜಾಲ್ಸೂರು ರಸ್ತೆಯ ಬದಿಯ ಒಂದು ಗ್ಯಾರೇಜಿನಲ್ಲಿ.

ನನ್ನಲ್ಲಿರುವುದು ತಂದೆಯವರು 1997ರಲ್ಲಿ ಕೊಂಡ ಒಂದು ಚಿಕ್ಕ ಕಾರು, ಕಾರ್ಬ್ಯುರೇಟರ್ ಕಾಲದ್ದು. ಮುಳ್ಳೇರಿಯದ ಕಡೆಯಿಂದ ಕಾಸರಗೋಡಿನ ಬ್ಯಾಂಕಿಗೆ ಅದರಲ್ಲೇ ನನ್ನ ಹೋಗಿಬರುವಿಕೆ. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ರೋಗ ಹಿಡಿಯಿತು. ಬೆಳಿಗ್ಗೆ ಹೊರಡುವಾಗ ಸರಿಯಾಗಿಯೇ ಇರುತ್ತಿತ್ತು. ಏಳೆಂಟು ಕಿಲೋಮೀಟರ್ ಕಳೆದು ಏರು ಬಂದಾಗ ಆಕ್ಸಿಲರೇಟರ್ ಒತ್ತಿದರೆ ಉಸಿರು ಕಟ್ಟಿದಂತೆ ಒಂದು ಕ್ಷಣ ತಡವರಿಸುತ್ತಿತ್ತು. ಕಾಲು ತೆಗೆಯಬೇಕು ಎನ್ನುವಷ್ಟರಲ್ಲಿ ಎಲ್ಲಿಂದಲೋ ಬಲ ಬಂದಂತೆ ಮುಂದಕ್ಕೆ ನುಗ್ಗುತ್ತಿತ್ತು. ಮತ್ತೆ ತಡವರಿಕೆ, ಮತ್ತೆ ನುಗ್ಗುವಿಕೆ. ಹಿಂದಿನ ಬಸ್ಸಿನವನ ಹಾರ್ನು ಬೇರೆ.

ಕಾರಣ ಹುಡುಕಲು ನನಗೆ ಐದು ನಿಮಿಷ ಹಿಡಿಯಲಿಲ್ಲ. ಹಿಂದಿನ ದಿನ ತಾನೇ ಪೆಟ್ರೋಲ್ ಹಾಕಿಸಿದ್ದೆ, ಮರುದಿನ ರೋಗ. ಮಳೆಗಾಲ, ನೆಲದಡಿಯ ಟ್ಯಾಂಕಿಗೆ ನೀರು ಇಳಿದಿರಬೇಕು. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರಿಕೊಳ್ಳುತ್ತದೆಂದು ಪತ್ರಿಕೆಯಲ್ಲಿ ಓದಿಯೂ ಇದ್ದೆ. ಸಂಜೆ ಬಂಕಿನಲ್ಲಿ ಕಾರು ನಿಲ್ಲಿಸಿ, ಹತ್ತು ವರ್ಷಗಳಿಂದ ನನ್ನ ಕಾರಿಗೆ ಪೆಟ್ರೋಲ್ ತುಂಬುತ್ತಿದ್ದ ವಯಸ್ಸಾದ ಕೆಲಸಗಾರನ ಮೇಲೆ ಎಗರಿಬಿದ್ದೆ. ದಿನವೂ 'ನೀವು' ಎನ್ನುತ್ತಿದ್ದ ಬಾಯಲ್ಲಿ ಅಂದು 'ನೀನು' ಬಂತು. "ನೀನು ಮಾರುವುದು ಪೆಟ್ರೋಲೋ ನೀರೋ?" ಎಂದು ಕೇಳಿದೆ. ಸುತ್ತ ಏಳೆಂಟು ಜನ ಇದ್ದರು. ಆತ, "ಒಂದು ಬಾಟಲಿಯಲ್ಲಿ ತೆಗೆದು ನೋಡಿ ಸಾರ್" ಎಂದನಷ್ಟೆ. ನಾನು ನೋಡಲಿಲ್ಲ. ನೇರವಾಗಿ ಇನ್ನೊಂದು ಬಂಕಿಗೆ ಹೋಗಿ ತುಂಬಿಸಿಕೊಂಡೆ. ಕಾರು ಮನೆಯವರೆಗೆ ಬೆಣ್ಣೆಯಂತೆ ಓಡಿತು. ನನ್ನ ತೀರ್ಪಿಗೆ ಮುದ್ರೆಯೂ ಬಿದ್ದಂತಾಯಿತು.

ಮರುದಿನ ಅದೇ ಏರಿನಲ್ಲಿ ಅದೇ ರೋಗ. ಈಗ ಆರೋಪಿ ಬದಲಾಗಬೇಕಾಯಿತು. ನನ್ನ ಮಗಳು ಅದೇ ಮೇ ತಿಂಗಳಲ್ಲಿ ಲೈಸನ್ಸ್ ಪಡೆದು ಭಾನುವಾರಗಳಲ್ಲಿ ಕಾರು ಓಡಿಸುತ್ತಿದ್ದಳು. "ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತೀ. ಗಾಡಿ ಹಾಳು ಮಾಡಿದ್ದು ನೀನೇ" ಎಂದೆ. "ನಾನು ಮುಟ್ಟದೆ ಎರಡು ವಾರ ಆಯ್ತಲ್ಲ ಅಪ್ಪ" ಎಂದಳು. ನನ್ನಲ್ಲಿ ಅದಕ್ಕೂ ಉತ್ತರವಿತ್ತು: "ಹಾಳಾದದ್ದು ಗೊತ್ತಾಗಲು ಎರಡು ವಾರ ಬೇಕಾಗುತ್ತದೆ." ಆಕೆ ಬೀಗದ ಕೈಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಒಳಗೆ ಹೋದಳು.

ಕೊನೆಗೆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ನನಗಿಂತ ಹತ್ತು ವರ್ಷ ಚಿಕ್ಕವನು, ಮಲಯಾಳ ಮನೆಮಾತಿನವನು. ರೋಗಲಕ್ಷಣದ ಜೊತೆಗೆ ನನ್ನ ತೀರ್ಪನ್ನೂ ಹೇಳಿ, ಕಾರ್ಬ್ಯುರೇಟರ್ ಬದಲಿಸುವುದೇ ಒಳ್ಳೆಯದಲ್ಲವೇ ಎಂದು ಕೇಳಿದೆ. "ನೋಕ್ಕಾದೆ ಪರಯಾನ್ ಪಟ್ಟೂಲ, ಸಾರೇ" ಎಂದ. ನೋಡದೆ ಹೇಳಲಿಕ್ಕಾಗದು. ಆ ಮಾತನ್ನು ನಾನು ಮೊದಲ ದಿನವೇ ನನಗೆ ಹೇಳಿಕೊಳ್ಳಬೇಕಿತ್ತು.

ಆತ ಸ್ಪ್ಯಾನರ್ ಎತ್ತಲಿಲ್ಲ, ಪ್ರಶ್ನೆ ಕೇಳತೊಡಗಿದ. ಪೆಡಲ್ ಒತ್ತಿದ ಕೂಡಲೇ ತಡವರಿಸುತ್ತದೆಯೇ, ಸ್ವಲ್ಪ ಎಳೆದ ಮೇಲೆಯೇ? ನಿಂತಲ್ಲಿ ಎಂಜಿನ್ ನಡುಗುತ್ತದೆಯೇ? ಹೊರಟ ಕೂಡಲೇ ಬರುತ್ತದೆಯೇ, ದೂರ ಹೋದ ಮೇಲೆಯೇ? ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಲೆಕ್ಕವಿತ್ತು. ಪೆಡಲ್ ಒತ್ತಿದಾಗ ಗಾಳಿ ತಟಕ್ಕನೆ ಒಳನುಗ್ಗುತ್ತದೆ, ಪೆಟ್ರೋಲ್ ಅಷ್ಟು ಬೇಗ ಹಿಂಬಾಲಿಸುವುದಿಲ್ಲ. ಆ ಕೊರತೆ ತುಂಬಲು ಕಾರ್ಬ್ಯುರೇಟರಿನಲ್ಲಿ ಒಂದು ಪುಟ್ಟ ಪಂಪು ಪೆಟ್ರೋಲನ್ನು ಚಿಮ್ಮಿಸುತ್ತದೆ. ಅದು ಸೋತಿದ್ದರೆ ಒತ್ತಿದ ಕ್ಷಣದಲ್ಲೇ ತಡವರಿಕೆ. ಎಲ್ಲೋ ರಬ್ಬರ್ ಕೊಳವೆ ಬಿರಿದು ಗಾಳಿ ಸೇರುತ್ತಿದ್ದರೆ ನಿಂತಲ್ಲೇ ನಡುಕ ಹೆಚ್ಚು. ಫಿಲ್ಟರ್ ಕಟ್ಟಿದ್ದರೆ ಸಮತಟ್ಟಿನಲ್ಲಿ ಸರಿ, ಏರಿನಲ್ಲಿ ಹಸಿವು.

ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಚಹಾ ಕುಡಿದು ಬರುವವರೆಗೆ ಇಟ್ಟ. ತಳದಲ್ಲಿ ನೀರಿನ ಪದರ ಕಾಣಲಿಲ್ಲ. ಫಿಲ್ಟರ್ ಸ್ವಚ್ಛವಾಗಿತ್ತು. ಪ್ಲಗ್ಗುಗಳ ತುದಿ ಬೆಳ್ಳಗಾಗಿತ್ತು. ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬರುತ್ತಿಲ್ಲ. "ಯಾಕೆ ಬರುತ್ತಿಲ್ಲ ಎಂದು ಇನ್ನೂ ಗೊತ್ತಿಲ್ಲ" ಎಂದ, ಯಾವ ಸಂಕೋಚವೂ ಇಲ್ಲದೆ. ಆಮೇಲೆ ಕೊನೆಯ ಪ್ರಶ್ನೆ: "ಪೆಟ್ರೋಲ್ ತುಂಬಿಸಿದ ಕೂಡಲೇ ಹೇಗೆ ಓಡುತ್ತದೆ?" "ಚೆನ್ನಾಗಿ" ಎಂದೆ.

ಆತ ನನ್ನನ್ನು ಕೂರಿಸಿಕೊಂಡು ರೋಗ ಬರುವವರೆಗೆ ಓಡಿಸಿದ. ಬಂದ ಕೂಡಲೇ ಬದಿಗೆ ನಿಲ್ಲಿಸಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಯ್ಯೆಂದು ಗಾಳಿ ಒಳಕ್ಕೆ ಎಳೆಯಿತು. ಮುಚ್ಚಳದಡಿಯಲ್ಲಿ ಹಾಲಿನ ತೊಟ್ಟೆಯ ಒಂದು ತುಂಡು! ಅದನ್ನು ಇಟ್ಟವನು ನಾನೇ. ಅಂದು ಪೆಟ್ರೋಲ್ ಹಾಕಿಸಿ ಮನೆಗೆ ಬಂದಾಗ ಮುಚ್ಚಳದ ವಾಷರ್ ಬಿರಿದದ್ದು ಕಂಡು, ಮಳೆನೀರು ಇಳಿಯದಿರಲೆಂದು ತೊಟ್ಟೆ ಕತ್ತರಿಸಿ ಇಟ್ಟಿದ್ದೆ. ಪೆಟ್ರೋಲ್ ಹೊರಹೋದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸೂಕ್ಷ್ಮವಾದ ರಂಧ್ರವಿತ್ತು. ಅದನ್ನು ಮುಚ್ಚಿದ್ದರಿಂದ ಒಳಗೆ ನಿರ್ವಾತ ಬೆಳೆದು ಪಂಪಿಗೆ ಎಳೆಯಲಾಗುತ್ತಿರಲಿಲ್ಲ. ರಾತ್ರಿಯಿಡೀ ನಿಂತಾಗ ಗಾಳಿ ಮೆಲ್ಲಗೆ ಸೇರಿ ಬೆಳಿಗ್ಗೆ ಸರಿ. ಬಂಕಿನಲ್ಲಿ ಮುಚ್ಚಳ ತೆರೆದಾಗಲೂ ಸರಿ. ಎರಡನೆಯ ಬಂಕಿನ ಪೆಟ್ರೋಲ್ ಒಳ್ಳೆಯದೆಂದು ನಾನು ತಿಳಿದದ್ದು ಇಷ್ಟರಿಂದ.

ರೋಗ ಸಿಕ್ಕಿತಲ್ಲ ಎಂದು ನಾನು ಹೊರಡಲು ಸಿದ್ಧನಾದೆ. ಆತ ಬಿಡಲಿಲ್ಲ. ತೊಟ್ಟೆಯ ತುಂಡನ್ನು ಮತ್ತೆ ಅಲ್ಲೇ ಇಟ್ಟು ಮತ್ತೆ ಓಡಿಸಿದ. ಕೆಲವು ಕಿಲೋಮೀಟರಿನಲ್ಲಿ ರೋಗ ಮರಳಿತು. "ತೆಗೆದರೆ ಹೋಗಬೇಕು, ಇಟ್ಟರೆ ಬರಬೇಕು. ಆಗ ಅದೇ ಎಂದು ಹೇಳಬಹುದು" ಎಂದ. ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದುವಾಗ 'ಅನ್ವಯ', 'ವ್ಯತಿರೇಕ' ಎಂಬ ಮಾತುಗಳನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದ ಕಾಕತಾಲೀಯ ನ್ಯಾಯವನ್ನೂ ಓದಿದ್ದೆ. ಪೆಟ್ರೋಲ್ ಹಾಕಿಸಿದ ದಿನ ಕೂತ ಕಾಗೆಯನ್ನು ಮಾತ್ರ ಗುರುತಿಸಲಿಲ್ಲ.

ಈ ಕಥೆ ಕೇಳಿದ ಸಹೋದ್ಯೋಗಿಯೊಬ್ಬರು, "ಹೊಸ ಗಾಡಿ ತೆಗೆದುಕೊಳ್ಳಿ, ಸ್ಕ್ಯಾನರ್ ಇಟ್ಟರೆ ಅದೇ ಹೇಳುತ್ತದೆ" ಎಂದರು. ಅದೂ ಪೂರ್ತಿ ನಿಜವಲ್ಲ. ಇಂದಿನ ಕಾರುಗಳಲ್ಲಿ 'ಪಿ 0171' ಎಂಬ ಸಂಕೇತ ಬಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಎಂದಷ್ಟೇ ಅರ್ಥ. ಕೊಳವೆ ಬಿರಿದಿದೆಯೋ, ಪಂಪು ಸೋತಿದೆಯೋ, ಗಾಳಿ ಅಳೆಯುವ ಸೆನ್ಸರಿಗೆ ಕೊಳೆ ಹಿಡಿದಿದೆಯೋ ಅದು ಹೇಳುವುದಿಲ್ಲ. ಯಂತ್ರವೂ ಹೇಳುವುದು ಲಕ್ಷಣವನ್ನೇ. ನಿದಾನದ ಹೊಣೆ ಮನುಷ್ಯನದು.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಾನು ಸುಳ್ಳು ಹೇಳಿರಲಿಲ್ಲ, ಪ್ರಾಮಾಣಿಕವಾಗಿಯೇ ನಂಬಿದ್ದೆ. ಪ್ರಾಮಾಣಿಕವಾಗಿ ತಪ್ಪು ನಂಬಿದವನು ಅಪರಾಧಿಯೇ? ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ 1877ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಒಬ್ಬ ಹಡಗಿನ ಯಜಮಾನ ಬರುತ್ತಾನೆ. ಹಡಗು ಹಳೆಯದೆಂಬ ಸಂಶಯವನ್ನು ಆತ ಮನಸ್ಸಿನಿಂದ ದೂಡಿ, ಸುಖವಾಗಿ ತಲುಪೀತೆಂದು ನಂಬಿಯೇ ಪ್ರಯಾಣಿಕರನ್ನು ಕಳುಹಿಸುತ್ತಾನೆ. ಹಡಗು ಮುಳುಗುತ್ತದೆ. ಅವನ ನಂಬಿಕೆ ಪ್ರಾಮಾಣಿಕವಾಗಿದ್ದರೂ ಹಾಗೆ ನಂಬಲು ಅವನಿಗೆ ಹಕ್ಕಿರಲಿಲ್ಲ, ಹಡಗು ಮುಳುಗದಿದ್ದರೂ ತಪ್ಪು ಅಷ್ಟೇ ಎಂಬುದು ಕ್ಲಿಫರ್ಡನ ವಾದ. ಬಂಕಿನ ಆ ಮನುಷ್ಯ ಬಾಟಲಿಯಲ್ಲಿ ನೋಡಿ ಎಂದಿದ್ದ. ಮಗಳು ಎರಡು ವಾರವೆಂದು ಹೇಳಿದ್ದಳು. ಪರೀಕ್ಷೆ ಕೈಗೆಟುಕುವಲ್ಲಿಯೇ ಇತ್ತು. ಪೆಟ್ರೋಲಿನಲ್ಲಿ ನಿಜವಾಗಿಯೂ ನೀರಿದ್ದರೂ ನಾನು ನೋಡದೆ ಆಡಿದ ಮಾತು ತಪ್ಪೇ ಆಗುತ್ತಿತ್ತು.

ಆದರೆ ನಾನು ಎಲ್ಲ ಕಡೆಯೂ ಹೀಗೆಯೇ ಎನ್ನಲಾರೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಟ್ಯಾಲಿಯಾಗದಿದ್ದರೆ ನಾವು ಯಾರ ಮುಖವನ್ನೂ ನೋಡುವುದಿಲ್ಲ. ವ್ಯತ್ಯಾಸವನ್ನು ಮೊದಲು ಒಂಬತ್ತರಿಂದ ಭಾಗಿಸುತ್ತೇವೆ. ಶೇಷ ಉಳಿಯದಿದ್ದರೆ ಅಂಕಿಗಳು ಸ್ಥಾನ ಬದಲಿಸಿರಬಹುದು. 5,400 ಎಂಬುದು 4,500 ಆದರೆ ವ್ಯತ್ಯಾಸ 900. ಆಮೇಲೆ ವೋಚರುಗಳು, ಆಮೇಲೆ ನೋಟಿನ ಕಟ್ಟುಗಳು. ಇಷ್ಟು ತಾಳ್ಮೆಯಿದ್ದ ನಾನು ಬಂಕಿನಲ್ಲಿ, ಮನೆಯಲ್ಲಿ ಅದನ್ನು ಎಲ್ಲಿಟ್ಟಿದ್ದೆ? ಯೋಚಿಸಿದಾಗ ಸಿಕ್ಕಿದ ಉತ್ತರ ಹಿತವಾದುದಲ್ಲ. ಸಹೋದ್ಯೋಗಿಯನ್ನು ಸುಮ್ಮನೆ ಶಂಕಿಸಿದರೆ ಆತ ಮೇಲಿನವರಿಗೆ ಬರೆಯಬಲ್ಲ. ಬಂಕಿನ ಮುದುಕ ಬರೆಯಲಾರ, ಮಗಳು ಬರೆಯಳು. ಎದುರಿರುವವನು ದುರ್ಬಲನಾದಷ್ಟೂ ನಮಗೆ ಕಡಿಮೆ ಸಾಕ್ಷ್ಯ ಸಾಕಾಗುತ್ತದೆ. ನನ್ನದು ಅಜ್ಞಾನವಲ್ಲ, ಆಯ್ದುಕೊಂಡ ಅವಸರ.

ಗಡಿನಾಡಿನವರಾದ ನಮಗೆ ಈ ಮಾತಿನ ಎರಡು ಮಗ್ಗುಲೂ ಗೊತ್ತಿರಬೇಕು. ಕನ್ನಡದಲ್ಲಿ ಬರೆದ ಅರ್ಜಿಯನ್ನು ಓದದೆಯೇ 'ಇದರಲ್ಲಿ ತಪ್ಪಿದೆ' ಎಂದು ಹಿಂದಿರುಗಿಸಿದಾಗ ಆಗುವ ನೋವು ನಮ್ಮಲ್ಲಿ ಹಲವರದು. ಅಂತೆಯೇ, ಒಂದು ಕಾಗದ ಲಗತ್ತಿಸಲು ಮರೆತು, 'ಕನ್ನಡಿಗರೆಂದು ತಿರಸ್ಕರಿಸಿದರು' ಎಂದು ನಾವು ಹೇಳಿದ್ದೂ ಉಂಟು. ನೋಡದೆ ಆಡಿದ ಒಂದು ದೂರು, ನಿಜವಾದ ಹತ್ತು ದೂರುಗಳ ಬೆಲೆ ಕಳೆಯುತ್ತದೆ. ನಮ್ಮ ನಿಜವಾದ ಅನ್ಯಾಯಗಳು ಉಳಿಯಬೇಕಾದರೆ ನಿದಾನ ನಮ್ಮದೇ ಮೊದಲು ಸರಿಯಾಗಬೇಕು.

ಹೊಸ ವಾಷರ್ ಹಾಕಿಸಿದ ದಿನವೇ ಬಂಕಿಗೆ ಹೋಗಿ ಆ ಹಿರಿಯರಲ್ಲಿ ತಪ್ಪಾಯಿತೆಂದೆ. "ಇರಲಿ ಸಾರ್, ಎಷ್ಟಕ್ಕೆ ಹಾಕಲಿ?" ಎಂದರು. ಆದರೆ ಅಂದು ಸುತ್ತ ನಿಂತಿದ್ದ ಏಳೆಂಟು ಜನ ಅಲ್ಲಿರಲಿಲ್ಲ. ಆರೋಪ ಹಲವರ ಮುಂದೆ, ಕ್ಷಮೆ ಒಬ್ಬರ ಮುಂದೆ. ಈ ಲೆಕ್ಕ ಇನ್ನೂ ಟ್ಯಾಲಿಯಾಗಿಲ್ಲ. ಇದನ್ನು ಇಲ್ಲಿ ಬರೆಯುವುದಕ್ಕೆ ಅದೂ ಒಂದು ಕಾರಣ.

ಮಗಳಿಗೂ ಎಲ್ಲವನ್ನೂ ಹೇಳಿದೆ. ನಕ್ಕಳು. ಭಾನುವಾರ ನೀನೇ ಓಡಿಸು ಎಂದಾಗ "ನೋಡೋಣ ಅಪ್ಪ" ಎಂದಳು. ಬೀಗದ ಕೈ ಇನ್ನೂ ಮೊಳೆಯಲ್ಲೇ ಇದೆ. ನಾನು ಕಾಯುತ್ತಿದ್ದೇನೆ, ನಿಧಾನವಾಗಿಯೇ.