ಮದುವೆ ಫೋಟೋ ಎಂಬ ಬೀಗದ ಕೈ

ಮೊನ್ನೆ ಭಾನುವಾರ ಹೆಂಡತಿ ಮನೆ ಸಾಲದ ಪೇಪರ್ ಹುಡುಕ್ತಾ ನನ್ನ ಲ್ಯಾಪ್‌ಟಾಪ್ ತೆಗೆದಳು. 20 ಜಿಬಿಯ ಒಂದು ಫೈಲು ಅಲ್ಲಿ ಕೂತಿತ್ತು, ಕ್ಲಿಕ್ ಮಾಡಿದ್ರೆ ಏನೂ ತೆರೆಯಲ್ಲ. "ಏನೋ ಇದು?" ಅಂದಳು. "ವೆರಾಕ್ರಿಪ್ಟ್ ಪೆಟ್ಟಿಗೆ, ಬೀಗ ಹಾಕಿದೀನಿ" ಅಂದೆ. "ಯಾರಿಗೆ ಹೆದರಿ?"

ಕಳ್ಳರಿಗೆ ಅನ್ನೋದು ಸುಲಭದ ಉತ್ತರ. ಲ್ಯಾಪ್‌ಟಾಪನ್ನ ಬಸ್ಸಲ್ಲೋ ಆಟೋದಲ್ಲೋ ಮರೆತು ಇಳಿದರೆ ಅಂತೇನೋ ಹೇಳಿದೆ. "ಸರಿ, ಹಾಗಾದ್ರೆ ಕೀ ನಂಗೂ ಕೊಡು" ಅಂದಳು. ನಾನು ತಡವರಿಸಿದೆ. ಆ ತಡವರಿಕೆ ಆಮೇಲೆ ಎರಡು ದಿನ ನನ್ನ ಬಿಡಲಿಲ್ಲ.

ಕೀ ಅಂದ್ರೆ ಏನು ಅಂತ ಮೊದಲು ಹೇಳಿಬಿಡ್ತೀನಿ. ವೆರಾಕ್ರಿಪ್ಟಿನಲ್ಲಿ ಪಾಸ್‌ವರ್ಡ್ ಜೊತೆಗೆ ಕೀಫೈಲ್ ಅಂತ ಒಂದನ್ನ ಇಟ್ಟುಕೊಳ್ಳಬಹುದು. ಹಾಡು, ಪಿಡಿಎಫ್, ಫೋಟೋ, ಯಾವ ಫೈಲಾದರೂ ನಡೆಯುತ್ತೆ. ಅದರ ಮೊದಲ 1,048,576 ಬೈಟುಗಳನ್ನು, ಅಂದರೆ ಒಂದು ಎಂಬಿಯಷ್ಟನ್ನು, ತಂತ್ರಾಂಶ ಪಾಸ್‌ವರ್ಡಿನ ಜೊತೆ ಕಲಸಿಬಿಡುತ್ತೆ. ಅಷ್ಟರಲ್ಲಿ ಒಂದೇ ಒಂದು ಬಿಟ್ ಬದಲಾದರೂ ಪೆಟ್ಟಿಗೆ ತೆರೆಯಲ್ಲ. ನಾನು ಕೀಫೈಲ್ ಮಾಡಿಕೊಂಡಿದ್ದು ನಮ್ಮ ಮದುವೆಯ ಒಂದು ಫೋಟೋವನ್ನು. ಧಾರೆ ಎರೆಯೋ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಕಡೆ ನೋಡ್ತಿರೋದು. ಪ್ರೀತಿಯಿಂದ ಅಂತ ಬೇಕಾದ್ರೆ ಅಂದುಕೊಳ್ಳಿ. ಅಸಲಿಗೆ ಸೋಮಾರಿತನ.

ಕೂತು ಯೋಚಿಸಿದಾಗ ನಗು ಬಂತು. ಫೋಟೋ ಇದ್ದದ್ದು ಅದೇ ಲ್ಯಾಪ್‌ಟಾಪಿನಲ್ಲಿ. ಬಾಗಿಲಿಗೆ ಬೀಗ ಜಡಿದು ಕೈಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟ ಹಾಗೆ. ಆ ಫೋಲ್ಡರ್ ತನ್ನಷ್ಟಕ್ಕೆ ಕ್ಲೌಡಿಗೂ ಏರ್ತಿತ್ತು. ಇಡೀ ಆಲ್ಬಮ್ಮಿನ ಒರಿಜಿನಲ್ ಅತ್ತೆ ಮನೆಯ ಹಾರ್ಡ್‌ಡಿಸ್ಕಿನಲ್ಲಿದೆ. ಫ್ಯಾಮಿಲಿ ಗ್ರೂಪಿಗೆ ಹೋದ ಪ್ರತಿಗಳು ಮಾತ್ರ ನಿರಪಾಯ, ವಾಟ್ಸಾಪು ಫೋಟೋವನ್ನ ಕುಗ್ಗಿಸಿ ಕಳಿಸೋದರಿಂದ ಅವು ಕೀ ಆಗಲಾರವು. ಪಾಸ್‌ವರ್ಡಾ? ಅವಳು ಎರಡೇ ಪ್ರಯತ್ನಕ್ಕೆ ಊಹಿಸ್ತಾಳೆ. ಅಂದರೆ ಕೀ ಅವಳ ಹತ್ತಿರ ಮೊದಲಿಂದಲೂ ಇತ್ತು, ಅದೇ ಕೀ ಅಂತ ಗೊತ್ತಿರಲಿಲ್ಲ ಅಷ್ಟೆ. ವ್ಯವಸ್ಥೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟಾಗಿ ಉಳಿಯಬೇಕಾದ್ದು ಕೀ ಒಂದೇ ಅನ್ನೋ ಅರ್ಥದಲ್ಲಿ ಕೆರ್ಕ್‌ಹಾಫ್ಸ್ ಅನ್ನುವವರು 1883ರಲ್ಲೇ ಬರೆದಿದ್ದರು. ನಾನು ಕೀಯನ್ನೇ ಬಂಧುಬಳಗಕ್ಕೆಲ್ಲ ಹಂಚಿ ಕೂತಿದ್ದೆ.

ಒಳಗೇನಿದೆ? ಸೇಲ್ ಡೀಡು, ವಿಮೆ, ಅಪ್ಪನ ಸ್ಕ್ಯಾನಿಂಗ್ ರಿಪೋರ್ಟು. ಇವನ್ನ ಅವಳು ನೋಡಬಹುದು ಅಲ್ಲ, ನೋಡಲೇಬೇಕು. ನಾಳೆ ನನಗೇನಾದರೂ ಆದರೆ ಇವನ್ನೇ ಹಿಡಿದು ಆಫೀಸು ಆಫೀಸು ಅಲೆಯೋಳು ಅವಳು. ಆದರೆ ಇನ್ನೊಂದು ಫೋಲ್ಡರಿದೆ. ನನಗೆ ತುಂಬಾ ಬೇಕಾದ ಒಬ್ಬರು, ಬದುಕು ಬೇಡ ಅನ್ನಿಸಿದ್ದ ಕಾಲದಲ್ಲಿ ನನಗೆ ಬರೆದ ಪತ್ರಗಳು. ಯಾರು, ಯಾಕೆ ಅಂತ ಇಲ್ಲೂ ಹೇಳಲ್ಲ. "ಮನೇಲೂ ಹೇಳ್ಬೇಡ" ಅಂದಿದ್ದರು.

ತಪ್ಪು ಮಾಡದವನಿಗೆ ಬೀಗ ಯಾಕೆ ಅಂತ ಕೇಳುವವರಿದ್ದಾರೆ. ಅವರು ಪೆಟ್ಟಿಗೆಯಲ್ಲಿರೋದೆಲ್ಲ ಪೆಟ್ಟಿಗೆ ಇಟ್ಟುಕೊಂಡವನದ್ದೇ ಅಂದುಕೊಂಡಿರ್ತಾರೆ. ನನ್ನ ಗುಟ್ಟಾದರೆ ಬಿಟ್ಟುಕೊಡೋ ಹಕ್ಕು ನನಗಿದೆ. ಇನ್ನೊಬ್ಬರದನ್ನ, ಹೆಂಡತಿ ಮೇಲಿನ ನಂಬಿಕೆಗೆ ಸಾಕ್ಷಿ ಅಂತ ಖರ್ಚು ಮಾಡಲಾ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಕೇಸಿನಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಅಲ್ಲಿ ಎದುರಿಗಿದ್ದದ್ದು ಸರ್ಕಾರ. ಒಂದೇ ಮಂಚದ ಎರಡು ಬದಿಯವರ ತಕರಾರನ್ನ ಯಾವ ಕೋರ್ಟಿಗೆ ಒಯ್ಯೋದು?

ಕೊನೆಗೆ ಎರಡು ಹೊಸ ಪೆಟ್ಟಿಗೆ ಮಾಡಿದೆ. ಹಳೆಯದರ ಕೀ ಬದಲಿಸಿದ್ರೆ ಸಾಲದು. ಒಳಗಿನ ಮಾಸ್ಟರ್ ಕೀ ಅದೇ ಇರುತ್ತೆ, ಹಳೇ ಹೆಡರಿನ ಬ್ಯಾಕಪ್ ಎಲ್ಲಾದರೂ ಉಳಿದಿದ್ದರೆ ಹಳೇ ಫೋಟೋಗೇ ಮತ್ತೆ ತೆರೆದುಕೊಳ್ಳುತ್ತೆ. ಈ ಸಲ ಕೀಫೈಲನ್ನ ವೆರಾಕ್ರಿಪ್ಟಿನಿಂದಲೇ ಹುಟ್ಟಿಸಿ ಪೆನ್‌ಡ್ರೈವಿಗೆ ಹಾಕಿದೆ. ಮನೆ ಕಾಗದಪತ್ರದ ಕೀ ಬೀರುವಿನಲ್ಲಿ, ಅದರ ಇನ್ನೊಂದು ಪ್ರತಿ ತಂಗಿ ಮನೆಯಲ್ಲಿ, ಪಾಸ್‌ವರ್ಡ್ ಹೆಂಡತಿ ಆರಿಸಿದ್ದು. ಪತ್ರಗಳ ಕೀಗೆ ಪ್ರತಿ ಇಲ್ಲ. ಪೆನ್‌ಡ್ರೈವ್ ಕೆಟ್ಟರೆ ನನಗೂ ಸಿಗಲ್ಲ, ನಾನು ಹೋದರೆ ಅವೂ ಹೋಗ್ತವೆ. ಇರಲಿ.

ಇದನ್ನೆಲ್ಲ ಅವಳಿಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು. ಕೋಪವೇನೂ ಮಾಡಿಕೊಳ್ಳಲಿಲ್ಲ. "ಸರಿ, ನಾನು ನಿನ್ನ ನಂಬಿ ಹೇಳಿದ್ದೆಲ್ಲ ಯಾವ ಪೆಟ್ಟಿಗೇಲಿದೆ?" ಅಂದಳು.

ಮದುವೆಯಾದ ಹೊಸತರಲ್ಲಿ ಒಂದು ರಾತ್ರಿ ಅವಳು ಅಳ್ತಾ ಹೇಳಿಕೊಂಡ ಮಾತೊಂದನ್ನ, ವಾರದೊಳಗೆ ದರ್ಶಿನಿ ಮುಂದೆ ನಿಂತು ಕಾಫಿ ಕುಡೀತಾ ಒಬ್ಬನಿಗೆ ಹೇಳಿಬಿಟ್ಟಿದ್ದೆ. ಅದು ಅವಳಿಗೆ ಇನ್ನೂ ಗೊತ್ತಿಲ್ಲ. ನನ್ನ ಬರಹವನ್ನೆಲ್ಲ ಮೊದಲು ಓದೋದು ಅವಳೇ. ಇದನ್ನ ಓದೋಕೆ ಕೊಡೋ ಮುಂಚೆ ಆ ಮಾತನ್ನ ಬಾಯಲ್ಲೇ ಹೇಳಬೇಕು, ಇವತ್ತು ಊಟ ಆದಮೇಲೆ.