ಉದರದೊಳಗಣ ಸಹನೆ

ಸಹನೆಯನ್ನು ನಮ್ಮ ಶಾಸ್ತ್ರಗಳು ಪರಮಗುಣವೆಂದು ಕೊಂಡಾಡುತ್ತವೆ. ಆದರೆ ಸಹಿಸುತ್ತಿರುವೆನೆಂಬ ಅರಿವೇ ಸಹಿಸುವವನಿಗೆ ಇಲ್ಲದಿದ್ದಾಗ, ಅದರ ಲಾಭವೆಲ್ಲ ಅನ್ಯಜೀವಿಗೆ ಸಲ್ಲುವಾಗ, ಅದನ್ನು ಗುಣವೆನ್ನಬಹುದೆ? ವೇದಾಂತಗೋಷ್ಠಿಯಲ್ಲಿ ಕೇಳುವುದಕ್ಕಿಂತ ಈ ಪ್ರಶ್ನೆಯನ್ನು ರಾಯಚೂರು ಸೀಮೆಯ ಯರಗೇರಾದಂಥ ಊರಿನ ಅಂಗನವಾಡಿಯ ಮುಂದೆ, ಬರಿಗಾಲಲ್ಲಿ ಬಂದು ನಿಂತ ಮಗುವನ್ನು ನೋಡುತ್ತ ಕೇಳಬೇಕು. ಬಯಲಿನ ಮಲದಿಂದ ಹಸಿ ಮಣ್ಣಿಗೆ ಬಿದ್ದ ಕೊಕ್ಕೆಹುಳುವಿನ ತತ್ತಿಯೊಡೆದು ಹೊರಬಂದ ಮರಿಯು ಅಂಗಾಲಿನ ಚರ್ಮವನ್ನು ಭೇದಿಸಿ, ರಕ್ತದೊಡನೆ ಶ್ವಾಸಕೋಶವನ್ನು ಸೇರಿ, ಗಂಟಲಿಗೇರಿ, ಉಗುಳಿನೊಂದಿಗೆ ಕರುಳಿಗಿಳಿದು, ಅಲ್ಲಿ ವರ್ಷಗಟ್ಟಲೆ ರಕ್ತವನ್ನು ಹೀರುತ್ತ ನೆಲಸಬಲ್ಲುದು.

ಹೊರದೂಡಲಾಗದ ಈ ಶತ್ರುವಿನೊಡನೆ ಸದಾ ಕಾದಾಡಿದರೆ ತನ್ನ ಅಂಗಾಂಶವೇ ಬೆಂದುಹೋದೀತೆಂದು ದೇಹವು ತನ್ನ ಉಗ್ರತೆಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಇಂಟರ್‌ಲ್ಯೂಕಿನ್-10ರಂಥ ದ್ರವ್ಯಗಳೂ ನಿಯಂತ್ರಕ ಜೀವಕೋಶಗಳೂ ಆ ಕಾರ್ಯವನ್ನು ನಡೆಸುತ್ತವೆ, ಹುಳುವು ತಾನೂ ಅದಕ್ಕೆ ಒತ್ತಾಸೆ ಕೊಡುತ್ತದೆ. ಶೋಚನೀಯವಾದುದೇನೆಂದರೆ, ಹುಳುವಿಗಾಗಿ ಕಲಿತ ಈ ಮೆದುತನ ಹುಳುವಿನಷ್ಟಕ್ಕೇ ನಿಲ್ಲದೆ, ಲಸಿಕೆಯು ಎಚ್ಚರಿಸಲು ಬಂದಾಗಲೂ ದೇಹವನ್ನು ಮಂಕಾಗಿಸಬಹುದು. ಈಕ್ವೆಡಾರಿನಲ್ಲಿ ದುಂಡುಹುಳುವಿದ್ದ ಮಕ್ಕಳಿಗೆ ಮೊದಲು ಹುಳುನಾಶಕವಾದ ಆಲ್ಬೆಂಡಜೋಲ್ ಕೊಟ್ಟು ಬಳಿಕ ಬಾಯಿಗೆ ಹಾಕುವ ಕಾಲರಾ ಲಸಿಕೆಯನ್ನಿತ್ತಾಗ ಪ್ರತಿಸ್ಪಂದನ ಹೆಚ್ಚಿತೆಂದು 2000ರಲ್ಲಿಯೂ, ಇಥಿಯೋಪಿಯದಲ್ಲಿ ಹುಳು ನಿವಾರಿಸಿದ ಮೇಲೆ ಬಿ.ಸಿ.ಜಿ. ಲಸಿಕೆಗೆ ಜೀವಕೋಶಗಳ ಪ್ರತಿಸ್ಪಂದನ ಬಲಗೊಂಡಿತೆಂದು 2001ರಲ್ಲಿಯೂ ವರದಿಯಾಯಿತು. ಸತ್ಯಕ್ಕೆ ಅಪಚಾರವಾಗದಂತೆ ಇದನ್ನೂ ಹೇಳಬೇಕು: ಉಗಾಂಡದ ಎಂಟೆಬ್ಬೆಯಲ್ಲಿ ಗರ್ಭಿಣಿಯರಿಗೆ ಅದೇ ಔಷಧವನ್ನು ಕೊಟ್ಟುದರಿಂದ ಶಿಶುಗಳ ಲಸಿಕಾಫಲದಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲವೆಂದು 2011ರಲ್ಲಿ ತಿಳಿದುಬಂದಿತು. ಎಲ್ಲ ಹುಳುವಿಗೂ ಎಲ್ಲ ಲಸಿಕೆಗೂ ಒಂದೇ ನಿಯಮವನ್ನು ವಿಧಿಸುವುದು ದುಡುಕು. ಹುಳುವಿದೆಯೆಂದು ಲಸಿಕೆಯನ್ನು ಮುಂದೂಡುವುದಂತೂ ಮಹಾಪ್ರಮಾದ.

ಇಷ್ಟಾದ ಮೇಲೂ, ಲಸಿಕೆ ಹಾಕಿಸಿದ ಕೂಸಿಗೆ ರೋಗ ಬಂದರೆ 'ಅದರ ಕರ್ಮ' ಎನ್ನುವವರುಂಟು. ಈ ಮಾತು ನನ್ನನ್ನು ನೋಯಿಸುತ್ತದೆ. ಇದೇ ಸೀಮೆಯ ಐತಿಹ್ಯವೊಂದನ್ನು ನೆನೆಯಿರಿ. ಚೀಕಲಪರವಿಯ ಹರಿದಾಸ ವಿಜಯದಾಸರನ್ನು ಹಗುರವಾಗಿ ಕಂಡು ಅವರ ಊಟದ ಪಂಕ್ತಿಗೆ ಬಾರದೆ ಹೊಟ್ಟೆನೋವಿನ ನೆವ ಹೇಳಿದ ಮಾನವಿಯ ಶ್ರೀನಿವಾಸಾಚಾರ್ಯರನ್ನು ನಿಜವಾದ ಉದರಶೂಲೆಯೇ ಹಿಡಿಯಿತೆಂದೂ, ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಜನಿಸಿದ ಗೋಪಾಲದಾಸರು ತಮ್ಮ ಆಯುಷ್ಯದಿಂದ 40 ವರ್ಷಗಳನ್ನು ಧಾರೆಯೆರೆದು ಅವರನ್ನುಳಿಸಿದರೆಂದೂ, ಆ ಆಚಾರ್ಯರೇ ಮುಂದೆ ಜಗನ್ನಾಥದಾಸರಾಗಿ 'ಹರಿಕಥಾಮೃತಸಾರ'ವನ್ನು ರಚಿಸಿದರೆಂದೂ ಜನ ಭಕ್ತಿಯಿಂದ ಹೇಳುತ್ತಾರೆ. ವ್ಯಾಧಿಯು ಅಪರಾಧದ ಫಲವೆಂಬುದಕ್ಕೆ ಈ ಕಥೆಯನ್ನೇ ಸಾಕ್ಷಿ ಹೇಳುವವರು ಅದರ ಉತ್ತರಾರ್ಧವನ್ನು ಮರೆಯುತ್ತಾರೆ. ಅಪರಾಧವು ನಿಶ್ಚಿತವಾಗಿದ್ದ ಪಂಡಿತರ ವಿಷಯದಲ್ಲಿಯೇ ಗೋಪಾಲದಾಸರು ಲೆಕ್ಕ ಹಾಕುತ್ತ ಕುಳಿತಿರದೆ ಕೊಟ್ಟರು. ಯಾರನ್ನೂ ಅವಮಾನಿಸದ ಕೂಸಿನ ವಿಷಯದಲ್ಲಿ ನಾವು ಲೆಕ್ಕ ತೆಗೆಯುವುದು ಯಾವ ಧರ್ಮ?

ಹುಳುವೂ ಜೀವವಲ್ಲವೆ, ಅದನ್ನು ಕೊಲ್ಲುವುದು ಹಿಂಸೆಯಲ್ಲವೆ ಎಂದು ಕೇಳುವ ಸಾತ್ತ್ವಿಕರೂ ಇದ್ದಾರೆ. ಕೃಮಿಗಳನ್ನು ನಾಶಮಾಡುವ ಸೂಕ್ತಗಳು ಅಥರ್ವವೇದದಲ್ಲಿಯೇ ಇವೆ. ಅಹಿಂಸೆಯ ವ್ರತವನ್ನು ತನ್ನ ರಕ್ತದಿಂದ ನಡೆಸಬೇಕೇ ಹೊರತು ಮಗುವಿನ ರಕ್ತದಿಂದಲ್ಲ. 2015ರಿಂದ ಫೆಬ್ರವರಿ 10ರಂದು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಅಂದು ಅಂಗನವಾಡಿ ಕಾರ್ಯಕರ್ತೆಯು ವರ್ಷ ಒಂದು ತುಂಬಿ ಎರಡು ತುಂಬದ ಕೂಸಿಗೆ ಆಲ್ಬೆಂಡಜೋಲಿನ ಅರ್ಧ ಮಾತ್ರೆಯನ್ನು ಚಮಚಗಳ ನಡುವೆ ಪುಡಿಮಾಡಿ ನೀರಿನಲ್ಲಿ ಕದಡಿ ಕುಡಿಸುತ್ತಾಳೆ, ದೊಡ್ಡ ಮಕ್ಕಳಿಗೆ ಇಡಿಯದನ್ನು ತನ್ನೆದುರಿಗೇ ಅಗಿಸುತ್ತಾಳೆ. ಆಕೆಯ ಕೆಲಸವನ್ನು ನಾನು ಆಯುರ್ದಾನದೊಳಗೇ ಎಣಿಸುತ್ತೇನೆ. ಆದರೆ ಮಾತ್ರೆಯು ಕರುಳನ್ನು ಶುದ್ಧಗೊಳಿಸೀತಲ್ಲದೆ ಮಣ್ಣನ್ನಲ್ಲ; ಶೌಚಾಲಯಕ್ಕೆ ನೀರೂ ಕಾಲಿಗೆ ಚಪ್ಪಲಿಯೂ ಇಲ್ಲದಲ್ಲಿ ಅದೇ ಮಗು ಕೆಲವೇ ತಿಂಗಳಲ್ಲಿ ಅದೇ ಬಯಲಿನಿಂದ ಮತ್ತೆ ಹುಳುವನ್ನು ಪಡೆಯುತ್ತದೆ.