ವಾಸದ ಮನೆ ಮಳಿಗೆಯಾಗುವಾಗ

ಗೃಹಸ್ಥಧರ್ಮವನ್ನು ಕುರಿತ ಚರ್ಚೆಗಳಲ್ಲಿ ಮನೆಯ ಒಳಗಿನ ನಡತೆಗೆ ದೊರೆತಷ್ಟು ಗಮನ ಮನೆಯ ಹೊರಗೋಡೆಗೆ ದೊರೆತಿಲ್ಲ. ಸೋಸಿದ ನೀರು, ಸೂರ್ಯಾಸ್ತಕ್ಕೆ ಮುಂಚಿನ ಊಟ, ಪರ್ವದಿನದ ಉಪವಾಸ ಇವುಗಳಲ್ಲಿ ಎಳ್ಳಷ್ಟೂ ತಪ್ಪದ ಶ್ರಾವಕನೊಬ್ಬನು ತನ್ನ ಮನೆಯ ಮುಂಭಾಗದ ಜಗಲಿಯನ್ನು ಒಡೆಸಿ ರೋಲಿಂಗ್ ಷಟರ್ ಹಾಕಿಸುವಾಗ ಎದುರು ಮನೆಯವರನ್ನು ಒಂದು ಮಾತು ಕೇಳದಿರುವುದು ಅಪರೂಪವೇನಲ್ಲ. ಮನೆ ತನ್ನದು, ಖಾತೆ ತನ್ನ ಹೆಸರಿನಲ್ಲಿದೆ, ಕಂದಾಯ ತಾನು ಕಟ್ಟುತ್ತಿದ್ದೇನೆ. ಹೀಗಿರುವಾಗ ಇನ್ನೊಬ್ಬರನ್ನು ಕೇಳುವುದೇನು ಎಂಬುದು ಅವನ ವಾದ. ಈ ವಾದವು ಎಷ್ಟರ ಮಟ್ಟಿಗೆ ನಿಲ್ಲುತ್ತದೆ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಊರುಗಳಲ್ಲಿ ಪ್ರಶ್ನೆಯು ಒಂದೇ ಆದರೂ ಅದು ತೋರಿಕೊಳ್ಳುವ ಬಗೆ ಬೇರೆ ಬೇರೆ. ಮೈಸೂರಿನಿಂದ ಕೊಡಗಿನ ಕಡೆಗೆ ಸಾಗುವ ಹೆದ್ದಾರಿಯು ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಹೋಗುವುದರಿಂದ ಅಲ್ಲಿ ರಸ್ತೆಗೆ ಸಮೀಪವಿರುವ ಪ್ರತಿಯೊಂದು ಮನೆಗೂ ಅಂಗಡಿಯ ಬೆಲೆ ಬಂದಿದೆ. ಹೊಗೆಸೊಪ್ಪಿನ ಸೀಮೆಯಾದ್ದರಿಂದ ಗೊಬ್ಬರ, ಕೀಟನಾಶಕಗಳ ಅಂಗಡಿಗಳಿಗೂ, ಹಂಗಾಮಿನಲ್ಲಿ ದಾಸ್ತಾನು ಕೋಣೆಗಳಿಗೂ ಬೇಡಿಕೆ ಹೆಚ್ಚು. ಕೃಷ್ಣರಾಜನಗರವು ಭತ್ತದ ಊರು. ಅಲ್ಲಿ ಅಕ್ಕಿಯ ಮೂಟೆಯೇ ಮನೆಯ ನಡುಮನೆಗೆ ಬಂದು ಕುಳಿತುಕೊಳ್ಳುತ್ತದೆ. ಹೆಗ್ಗಡದೇವನಕೋಟೆಯ ಕಡೆ ಕಬಿನಿಯ ಹಿನ್ನೀರು, ನಾಗರಹೊಳೆಯ ಕಾಡು ಇವುಗಳನ್ನು ನೋಡಲು ಬರುವವರಿಗಾಗಿ ಮನೆಗಳು ವಸತಿಗೃಹಗಳಾಗುತ್ತಿವೆ.

ವಾಸವೂ ವ್ಯಾಪಾರವೂ ಒಂದೇ ಸೂರಿನಡಿ ನಡೆಯುವುದು ಹೊಸತಲ್ಲವೆಂಬುದನ್ನು ಮೊದಲು ಒಪ್ಪಬೇಕು. ಹಳೆಯ ಪೇಟೆಬೀದಿಗಳಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಅಟ್ಟದಲ್ಲಿ ದಾಸ್ತಾನು ಇದ್ದೇ ಇತ್ತು. ಆ ಬೀದಿಯಲ್ಲಿ ಮನೆ ಕೊಂಡವನು ಗಲಾಟೆಯನ್ನೂ ಸೇರಿಸಿಯೇ ಕೊಂಡಿದ್ದನು. ವಾಸದ ಬೀದಿ ಬೇರೆ, ವ್ಯಾಪಾರದ ಬೀದಿ ಬೇರೆ ಎಂಬ ವಿಭಜನೆಯು ಬಹುಮಟ್ಟಿಗೆ ಬಡಾವಣೆಗಳೊಡನೆ ಬಂದಿತು. ಕೃಷ್ಣರಾಜನಗರವಂತೂ ಎಡತೊರೆಯು ಕಾವೇರಿಯ ಪ್ರವಾಹಕ್ಕೆ ನಲುಗಿದ ಮೇಲೆ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಅವರ ಹೆಸರಿನಲ್ಲಿಯೇ ಹೊಸದಾಗಿ ಕಟ್ಟಿದ ಊರು. ಬಡಾವಣೆಯಲ್ಲಿ ನಿವೇಶನ ಕೊಂಡವನು ಅಳತೆಯ ಭೂಮಿಯೊಡನೆ ಒಂದು ನಂಬಿಕೆಯನ್ನೂ ಕೊಂಡಿರುತ್ತಾನೆ: ಪಕ್ಕದಲ್ಲಿಯೂ ಎದುರಿನಲ್ಲಿಯೂ ಮನೆಗಳೇ ಇರುತ್ತವೆ ಎಂಬ ನಂಬಿಕೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಅದು ಬರೆದಿರುವುದಿಲ್ಲ. ಆದರೆ ಕೊಟ್ಟ ಬೆಲೆಯಲ್ಲಿ ಸೇರಿರುತ್ತದೆ.

ಅಚೌರ್ಯವ್ರತದ ಮಾತು ಇಲ್ಲಿ ಪ್ರಸ್ತುತವಾಗುತ್ತದೆ. ಕಳವು ಎಂಬುದನ್ನು ಜೈನಾಚಾರ್ಯರು ಅದತ್ತಾದಾನವೆಂದು ಕರೆದರು. ಎಂದರೆ ಕೊಡದುದನ್ನು ತೆಗೆದುಕೊಳ್ಳುವುದು. ಪೆಟ್ಟಿಗೆಯ ಬೀಗ ಮುರಿಯುವುದಕ್ಕಿಂತ ಇದು ಬಹಳ ವಿಶಾಲವಾದ ಲಕ್ಷಣ. ಎದುರು ಮನೆಯ ವೃದ್ಧರು ಮಧ್ಯಾಹ್ನ ಕಣ್ಣು ಮುಚ್ಚುವ ಒಂದು ಗಂಟೆಯ ನಿಶ್ಶಬ್ದ, ಮಕ್ಕಳು ಚೆಂಡು ಆಡುವ ಹತ್ತು ಮಾರು ರಸ್ತೆ, ಹೆಂಗಸರು ಅಕ್ಕಿ ಆರಿಸುತ್ತ ಕುಳಿತುಕೊಳ್ಳುವ ಬಾಗಿಲ ಮೆಟ್ಟಿಲು ಇವು ಯಾರ ಖಾತೆಯಲ್ಲಿಯೂ ನಮೂದಾಗಿಲ್ಲ. ಹಾಗೆಂದ ಮಾತ್ರಕ್ಕೆ ಅವು ಅಂಗಡಿ ತೆರೆಯುವವನಿಗೆ ದತ್ತವಾದವು ಎನ್ನಲಾಗದು. ಆತನು ಅವುಗಳನ್ನು ಬಳಸಿಕೊಂಡೇ ವ್ಯಾಪಾರ ಮಾಡುತ್ತಾನೆ. ಗಿರಾಕಿಯ ವಾಹನ ನಿಲ್ಲುವುದು ನೆರೆಯವನ ಬಾಗಿಲ ಮುಂದೆ. ಸರಕಿನ ಲಾರಿ ಹಿಂದಕ್ಕೆ ಬರುವುದು ನೆರೆಯವನ ಕಿಟಕಿಯ ಕೆಳಗೆ.

ಲೆಕ್ಕ ಬಲ್ಲ ವರ್ತಕನಿಗೆ ಇದನ್ನು ವಿವರಿಸುವುದು ಕಷ್ಟವಾಗಬಾರದು. ಕಿರ್ದಿಯಲ್ಲಿ ಬಾಡಿಗೆ, ಕೂಲಿ, ಸಾಗಾಣಿಕೆ ಎಲ್ಲವನ್ನೂ ಖರ್ಚು ಬರೆದು ಉಳಿದುದನ್ನು ಲಾಭವೆನ್ನುತ್ತಾನೆ. ನೆರೆಯವರು ಹೊರುವ ವೆಚ್ಚವು ಅಲ್ಲಿ ಎಲ್ಲಿಯೂ ಇಲ್ಲದ ಕಾರಣ ಲಾಭವು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದ್ದರೆ ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55 ಇದೆ. ಹತ್ತರ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಆ ಮಾಪನದಲ್ಲಿ ಹತ್ತು ಡೆಸಿಬೆಲ್ ಹೆಚ್ಚಿತೆಂದರೆ ಶಬ್ದದ ತೀವ್ರತೆ ಹತ್ತು ಪಟ್ಟಾಯಿತೆಂದು ಅರ್ಥ. ಬೀದಿಯೊಂದು ವಾಸದ ವರ್ಗದಿಂದ ವಾಣಿಜ್ಯ ವರ್ಗಕ್ಕೆ ಜಾರಿದರೆ, ನಿನ್ನೆಯವರೆಗೆ ದೂರು ಕೊಡಬಹುದಾಗಿದ್ದ ಸದ್ದಿನ ವಿಷಯದಲ್ಲಿ ನಾಳೆಯಿಂದ ಬಾಯಿ ಬಿಡುವಂತಿಲ್ಲ.

ನೆರೆಯವರ ಮಾತಿಗೆ ಕಾನೂನು ಎಡೆಗೊಟ್ಟಿಲ್ಲವೆಂದಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 14-ಎ ಪ್ರಕರಣದ ಮೇರೆಗೆ, ಯೋಜನೆಯಲ್ಲಿ ಒಂದು ಉಪಯೋಗಕ್ಕೆಂದು ಗುರುತಿಸಿದ ಜಾಗವನ್ನು ಬೇರೊಂದಕ್ಕೆ ಬದಲಾಯಿಸುವಾಗ ಆ ಬದಲಾವಣೆಯು ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು. ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಹದಿನೈದು ದಿನಗಳಿಗೆ ಕಡಿಮೆಯಿಲ್ಲದಂತೆ ಅವಧಿಯಿತ್ತು ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುವ ಅಂಥ ಪ್ರಕಟಣೆಯನ್ನು ಪಕ್ಕದ ಮನೆಯವರು ಓದಿರುತ್ತಾರೆಯೇ ಎಂಬುದು ಬೇರೆ ಮಾತು.

ಬೆಂಗಳೂರಿನ ಒಂದು ಪ್ರಕರಣವನ್ನು ಈ ಸಂದರ್ಭದಲ್ಲಿ ನೆನೆಯಬೇಕು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಶುಶ್ರೂಷಾಲಯ ಕಟ್ಟಲು ಒಂದು ವೈದ್ಯಕೀಯ ಟ್ರಸ್ಟಿಗೆ ಕೊಡಲಾಯಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿವಾಸಿಗಳ ಪರವಾಗಿ ತೀರ್ಪಿತ್ತಿತು. ಮುದ್ದಪ್ಪ ಪ್ರಕರಣವೆಂದು ಅದು ವಕೀಲರಿಗೆ ಪರಿಚಿತ. ಅಲ್ಲಿ ಬರಲಿದ್ದುದು ಸಾರಾಯಿ ಅಂಗಡಿಯಲ್ಲ, ರೋಗಿಗಳನ್ನು ಗುಣಪಡಿಸುವ ಮನೆ ಎಂಬುದು ಗಮನಾರ್ಹ. ಮಾಡುವ ಕೆಲಸ ಒಳ್ಳೆಯದಾದ ಮಾತ್ರಕ್ಕೆ ಅದನ್ನು ಮಾಡುವ ಜಾಗವೂ ಸರಿಯಾಗಿಬಿಡುವುದಿಲ್ಲ. ಮುಂದೆ 2007ರಲ್ಲಿ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ವಾಸದ ವಲಯಗಳಲ್ಲಿ ವಾಣಿಜ್ಯಕ್ಕೆ ಹೆಚ್ಚಿನ ಅವಕಾಶವಿತ್ತಾಗ ಕೋರಮಂಗಲ, ಇಂದಿರಾನಗರಗಳ ನಿವಾಸಿಗಳು ವರ್ಷಗಟ್ಟಲೆ ಹೋರಾಡಬೇಕಾಯಿತು. ಅಲ್ಲಿನವರಿಗೆ ವಕೀಲರಿದ್ದರು, ಸಂಘಗಳಿದ್ದವು. ಪಿರಿಯಾಪಟ್ಟಣದ ಒಂದು ಅಡ್ಡರಸ್ತೆಯಲ್ಲಿರುವ ನಿವೃತ್ತ ಉಪಾಧ್ಯಾಯರಿಗೆ ಅದಾವುದೂ ಇಲ್ಲ. ಅವರು ಅಂಗಡಿಯವನೊಡನೆ ಜಗಳವಾಡುವಂತೆಯೂ ಇಲ್ಲ. ನಾಳೆ ಸಾಮಾನು ಬೇಕಾದರೆ ಅವನಲ್ಲಿಗೇ ಹೋಗಬೇಕು.

ಇಷ್ಟಾದರೂ ನೆರೆಯವರೆಲ್ಲರೂ ಸಾಧುಗಳೆಂದು ತಿಳಿಯುವ ಕಾರಣವಿಲ್ಲ. ಆಕ್ಷೇಪಣೆಯ ಅರ್ಜಿಯಲ್ಲಿ ಶಾಂತಿಭಂಗವೆಂದು ಬರೆದು ಮನಸ್ಸಿನಲ್ಲಿ ಅಸೂಯೆಯನ್ನು ಇಟ್ಟುಕೊಂಡವರಿರುತ್ತಾರೆ. ತಮ್ಮ ಅಂಗಡಿಗೆ ಪೋಟಿಯಾದೀತೆಂದು ಸಹಿ ಹಾಕುವವರಿರುತ್ತಾರೆ. ಬಾಡಿಗೆಗೆ ಬರುವವನ ಜಾತಿ ಮತಗಳನ್ನು ವಿಚಾರಿಸಿದ ಮೇಲೆಯೇ ಸದ್ದಿನ ತೊಂದರೆ ಹೊಳೆಯುವವರೂ ಉಂಟು. ಇನ್ನೂ ಸಾಮಾನ್ಯವಾದುದು ಬೇರೊಂದು: ಇಂದು ವಿರೋಧಿಸಿದವನೇ ಎರಡು ವರ್ಷಗಳ ತರುವಾಯ, ಬೀದಿಯ ಬಾಡಿಗೆ ಏರಿದ್ದನ್ನು ಕಂಡು, ತನ್ನ ಮುಂಭಾಗಕ್ಕೂ ಷಟರ್ ಇಳಿಸುತ್ತಾನೆ. ಆಗ ಬೀದಿಯಲ್ಲಿ ಕೊನೆಗೆ ಉಳಿಯುವವರು ಬೇರೆಡೆಗೆ ಹೋಗಲಾರದ ವೃದ್ಧರು ಹಾಗೂ ಮಾತನಾಡುವ ಹಕ್ಕೇ ಇಲ್ಲವೆನಿಸಿಕೊಂಡ ಬಾಡಿಗೆದಾರರು. ಮೊದಲ ಅರ್ಜಿಗೆ ಇವರೂ ಸಹಿ ಹಾಕಿದ್ದರೆಂಬುದು ಅಷ್ಟು ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಆದುದರಿಂದ ನೆರೆಯವರೆಲ್ಲರ ಒಪ್ಪಿಗೆಯೇ ಅಳತೆಗೋಲೆನ್ನುವುದು ಸಾಧ್ಯವಿಲ್ಲ. ಹಾಗೆಂದರೆ ಒಬ್ಬ ಹಟಮಾರಿಯು ಒಂದು ಬಡ ವಿಧವೆಯ ಹೊಲಿಗೆ ಯಂತ್ರವನ್ನು ನಿಲ್ಲಿಸಬಲ್ಲನು. ಮನೆಪಾಠ ಹೇಳುವ ಉಪಾಧ್ಯಾಯ, ಹಪ್ಪಳ ಸಂಡಿಗೆ ಮಾಡಿ ಮಾರುವ ಕುಟುಂಬ, ಸಂಜೆ ಎರಡು ಗಂಟೆ ರೋಗಿಗಳನ್ನು ನೋಡುವ ವೈದ್ಯ ಇವರನ್ನು ಗೊಬ್ಬರ-ಕೀಟನಾಶಕಗಳ ಮಳಿಗೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಶ್ರಾವಕಾಚಾರಗಳಲ್ಲಿ ಹೇಳಿರುವ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ಆ ವ್ಯಾಪಾರವನ್ನು ಮಾಡಬಹುದೇ ಎಂಬ ಚರ್ಚೆ ಒತ್ತಟ್ಟಿಗಿರಲಿ. ಮಾಡುವವರಿಗೂ 1971ರ ಕೀಟನಾಶಕ ನಿಯಮಗಳು ವಿಷದ ಡಬ್ಬಿಗಳನ್ನು ತಿನ್ನುವ ಪದಾರ್ಥಗಳಿರುವ ಕೋಣೆಗಳಿಂದ ದೂರ, ಪ್ರತ್ಯೇಕವಾಗಿ ಇಡಬೇಕೆಂದು ವಿಧಿಸಿವೆ. ವಾಸದ ಬೀದಿಯಲ್ಲಿ ಅಂಥ ಮಳಿಗೆಯ ಗೋಡೆಗೆ ತಾಗಿಕೊಂಡಿರುವುದು ಪಕ್ಕದ ಮನೆಯ ಅಡಿಗೆಮನೆಯಾಗಿದ್ದರೆ?

ಒಪ್ಪಿಗೆಗಿಂತ ಹೆಚ್ಚು ನಂಬಬಹುದಾದ ಪರೀಕ್ಷೆಯೊಂದಿದೆ. ಮನೆಯನ್ನು ಮಳಿಗೆಯಾಗಿಸಿದವನು ಅಲ್ಲಿಯೇ ವಾಸವಾಗಿರುತ್ತಾನೆಯೇ? ಹೊಲಿಗೆಯವಳು ತನ್ನ ಯಂತ್ರದ ಸದ್ದನ್ನು ತಾನೇ ಮೊದಲು ಕೇಳುತ್ತಾಳೆ. ಮೇಲಿನ ಅಂತಸ್ತಿನಲ್ಲಿ ಸಂಸಾರವಿಟ್ಟುಕೊಂಡು ಕೆಳಗೆ ಅತಿಥಿಗಳನ್ನು ಇಳಿಸುವವನು ಹನ್ನೊಂದು ಗಂಟೆಯ ಹಾಡನ್ನು ತಾನೇ ನಿಲ್ಲಿಸುತ್ತಾನೆ. ಆದರೆ ಹಳೆಯ ಮನೆಯನ್ನು ದಾಸ್ತಾನಿಗೋ ವಸತಿಗೃಹಕ್ಕೋ ಬಾಡಿಗೆಗೆ ಕೊಟ್ಟು ತಾನು ಮೈಸೂರಿನ ಶಾಂತವಾದ ಬಡಾವಣೆಯೊಂದಕ್ಕೆ ಹೋದವನು ತನಗೆ ಬೇಡವಾದುದನ್ನು ನೆರೆಯವರ ಪಾಲಿಗೆ ಬಿಟ್ಟು ಹೋಗಿದ್ದಾನೆ. ಆತನು ಹೊಸ ಬಡಾವಣೆಯಲ್ಲಿ ಪಕ್ಕದ ಮನೆಯವರು ಅಂಗಡಿ ತೆರೆಯಹೊರಟಾಗ ಬರೆಯುವ ಆಕ್ಷೇಪಣೆಯ ಅರ್ಜಿಯನ್ನು ಓದಿದರೆ ಈ ವಿಷಯದ ಸತ್ಯವೆಲ್ಲ ಅದರಲ್ಲಿಯೇ ದೊರೆತೀತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಐದು ಅತಿಚಾರಗಳನ್ನು ಎಣಿಸುವಾಗ ವಿರುದ್ಧರಾಜ್ಯಾತಿಕ್ರಮವನ್ನೂ ಸೇರಿಸಿದೆ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು ವ್ರತಕ್ಕೆ ತಗಲುವ ದೋಷವೆಂದು ಇದರ ಭಾವ. ವಾಸದ ಮನೆಯೆಂದೇ ಕಂದಾಯ ಕಟ್ಟುತ್ತ, ವಾಸದ ಮನೆಯ ಮೀಟರಿನಿಂದಲೇ ಮಳಿಗೆಯ ದೀಪ, ಫ್ರಿಜ್ಜುಗಳನ್ನು ನಡೆಸುವುದು ಎಷ್ಟೋ ಕಡೆ ವಾಡಿಕೆಯಾಗಿಬಿಟ್ಟಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ 200 ಯೂನಿಟ್‌ಗಳ ಉಚಿತ ಮಿತಿಯು ಗೃಹಬಳಕೆಗೆ ಮಾತ್ರ ಎಂಬುದು ಹೆಸರಿನಲ್ಲಿಯೇ ಇದೆ. ಆ ಸೌಲಭ್ಯದಲ್ಲಿ ಅಂಗಡಿ ನಡೆಸುವವನು ಪಕ್ಕದ ಮನೆಯವರಿಂದ ನಿಶ್ಶಬ್ದವನ್ನೂ ರಾಜ್ಯದ ಬೊಕ್ಕಸದಿಂದ ಹಣವನ್ನೂ ಏಕಕಾಲಕ್ಕೆ ತೆಗೆದುಕೊಳ್ಳುತ್ತಿದ್ದಾನೆ. ಇದನ್ನು ಚಿಲ್ಲರೆ ವಿಷಯವೆಂದು ನಗುವವರು ತಕ್ಕಡಿಯ ಬಟ್ಟಿನಲ್ಲಿ ಹತ್ತು ಗ್ರಾಂ ಕಡಿಮೆಯಾದರೆ ಏನೆನ್ನುವರೋ.

ಹಾಗಾದರೆ ಮನೆಯ ಮುಂಭಾಗದ ಬಾಡಿಗೆಯಿಂದಲೇ ತಾಯಿಯ ಔಷಧ ನಡೆಯಬೇಕಾದವನು ಏನು ಮಾಡಬೇಕು? ಅವನ ಅಗತ್ಯವೂ ನೆರೆಯವರ ನಿದ್ದೆಯಷ್ಟೇ ನಿಜವಾದುದು. ಅವನು ಬಾಡಿಗೆಗೆ ಕೊಡಲಿ. ಆದರೆ ಯಾವ ವ್ಯಾಪಾರಕ್ಕೆ ಎಂಬುದನ್ನು ಬಾಡಿಗೆಯ ಮೊತ್ತವೊಂದೇ ನಿಶ್ಚಯಿಸದಿರಲಿ. ಹೆಚ್ಚು ಬಾಡಿಗೆ ಕೊಡುವ ವೆಲ್ಡಿಂಗ್ ಅಂಗಡಿಯನ್ನು ಬಿಟ್ಟು ಪುಸ್ತಕದಂಗಡಿಗೆ ಕೊಟ್ಟರೆ ತಿಂಗಳಿಗೆ ಕೆಲವು ಸಾವಿರ ನಷ್ಟವಾಗುತ್ತದೆ. ಪರಿಗ್ರಹಪರಿಮಾಣ ಮಾಡಿಕೊಂಡವನಿಗೆ ಆ ನಷ್ಟವನ್ನು ಬರೆಯಲು ಕಿರ್ದಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ಬಾಗಿಲು ಮುಚ್ಚುವ ವೇಳೆ, ಲಾರಿ ಬರುವ ವೇಳೆ, ವಾಹನ ನಿಲ್ಲಿಸುವ ಜಾಗ ಇವು ಮೂರನ್ನು ಕರಾರುಪತ್ರದಲ್ಲಿಯೇ ಬರೆಸಬಹುದು, ಬರೆಸಿದವರು ಕಡಿಮೆ. ಪತ್ರಿಕೆಯಲ್ಲಿ ಪ್ರಕಟಣೆ ಬರುವ ಮುಂಚೆ, ಗಾರೆಯವನನ್ನು ಕರೆಸುವ ಮುಂಚೆ, ಎದುರು ಮನೆಗೆ ಹೋಗಿ ಕುಳಿತು ವಿಷಯ ತಿಳಿಸಬಹುದು. ರಸ್ತೆಯ ಅಗಲ ಮೂವತ್ತು ಅಡಿ. ಅವರು ಬೇಡವೆನ್ನಬಹುದು, ಕಾಫಿ ಕೊಟ್ಟೂ ಬೇಡವೆನ್ನಬಹುದು. ಆಗ ಅವನಿಗೆ ತಾನು ತೆಗೆದುಕೊಳ್ಳಹೊರಟಿರುವುದು ಯಾರದು, ಎಷ್ಟು ಎಂಬುದಾದರೂ ತಿಳಿದಿರುತ್ತದೆ.